ಸೊನ್ನೆ ಕಮಾ ಸೊನ್ನೆ

ಸೊನ್ನೆ ಅಕ್ಷಾಂಶ ಮತ್ತು ಸೊನ್ನೆ ರೇಖಾಂಶ ಒಂದನ್ನೊಂದು ದಾಟುವ ಜಾಗದಲ್ಲಿ ಊರಿಲ್ಲ. ನೆಲವೇ ಇಲ್ಲ. ಆಫ್ರಿಕಾದ ಪಶ್ಚಿಮದ ಬಗಲಿನಲ್ಲಿ, ಗಿನಿ ಕೊಲ್ಲಿಯ ನಡುನೀರಿನಲ್ಲಿ ಆ ಬಿಂದು ಬೀಳುತ್ತದೆ. ಹತ್ತಿರದ ನೆಲವೆಂದರೆ ಘಾನಾ ದೇಶದ ದಕ್ಷಿಣದ ತುದಿ, ಅದೂ ಸುಮಾರು 570 ಕಿಲೋಮೀಟರ್ ದೂರ. ಕೆಳಗೆ ಹೆಚ್ಚುಕಡಿಮೆ ಐದು ಕಿಲೋಮೀಟರ್ ಆಳದ ಸಮುದ್ರ. ಹೋಗಿ ನೋಡಿದರೆ ಎಲ್ಲ ಕಡೆಯ ಸಮುದ್ರದಂತೆಯೇ ಕಾಣುವ ಸಮುದ್ರ.

ಆದರೂ ನಕಾಶೆ ಮಾಡುವವರ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಜನಸಂದಣಿ ಇರುವ ಜಾಗ ಅದು. ಅದಕ್ಕೊಂದು ಹೆಸರೂ ಇದೆ, ನಲ್ ಐಲ್ಯಾಂಡ್. ಇಲ್ಲದ ದ್ವೀಪ ಎಂದುಕೊಳ್ಳಬಹುದು. ಕಂಪ್ಯೂಟರಿಗೆ ಒಂದು ವಿಳಾಸ ಕೊಟ್ಟು ಇದು ಭೂಮಿಯ ಮೇಲೆ ಎಲ್ಲಿದೆ ಹೇಳು ಎಂದಾಗ ಅದಕ್ಕೆ ಗೊತ್ತಾಗದಿದ್ದರೆ, ಗೊತ್ತಾಗಲಿಲ್ಲ ಎಂದು ಹೇಳಬೇಕು. ಅನೇಕ ಸಲ ಹಾಗೆ ಹೇಳುವುದಿಲ್ಲ. ಖಾಲಿ ಬಿಡಬೇಕಾದ ಎರಡು ಮನೆಗಳಲ್ಲಿ ಎರಡು ಸೊನ್ನೆ ಬರೆದು ಮುಂದೆ ಹೋಗುತ್ತದೆ. ನಕಾಶೆಗೆ ಆ ಸೊನ್ನೆಗಳು ಸಿಕ್ಕ ಕೂಡಲೇ ಅದು ವಿಧೇಯವಾಗಿ ಗಿನಿ ಕೊಲ್ಲಿಯಲ್ಲಿ ಒಂದು ಚುಕ್ಕಿ ಇಡುತ್ತದೆ. ಹೀಗೆ ಜಗತ್ತಿನ ಎಷ್ಟೋ ಅಂಗಡಿಗಳು, ಫೋಟೋಗಳು, ಓಡುವವರ ಬೆಳಗಿನ ಓಟಗಳು, ರೋಗಿಗಳು, ಮನೆಗಳು ಅಲ್ಲಿ ಹೋಗಿ ಬಿದ್ದಿವೆ. 2011ರಲ್ಲಿ ನ್ಯಾಚುರಲ್ ಅರ್ತ್ ಎಂಬ ಉಚಿತ ನಕಾಶೆಗಳ ಸಂಗ್ರಹದವರು ಇಂಥ ತಪ್ಪುಗಳು ಎದ್ದು ಕಾಣಲಿ ಎಂದೇ ಆ ಬಿಂದುವಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಸುಳ್ಳು ದ್ವೀಪವನ್ನು ಸೇರಿಸಿಬಿಟ್ಟರು. ಆಮೇಲೆ ಹುಡುಗರು ಅದಕ್ಕೊಂದು ಧ್ವಜ ಮಾಡಿದರು, ಚರಿತ್ರೆ ಬರೆದರು. ತಮಾಷೆ ಬೆಳೆಯಿತು.

ನಿಜವಾಗಿ ಅಲ್ಲಿ ಇದ್ದದ್ದು ಒಂದೇ ಒಂದು ವಸ್ತು. ಬ್ರೆಜಿಲ್, ಫ್ರಾನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ 1990ರ ದಶಕದ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರದ ಬಿಸಿವಲಯದ ಉದ್ದಗಲಕ್ಕೂ ಹವಾಮಾನ ಅಳೆಯುವ ತೇಲುಯಂತ್ರಗಳನ್ನು ಲಂಗರು ಹಾಕಿ ನಿಲ್ಲಿಸಿದರು. ಗಾಳಿ, ಮಳೆ, ನೀರಿನ ಬಿಸಿ ಇವನ್ನೆಲ್ಲ ಅವು ಕಳಿಸುತ್ತವೆ. ಅವಕ್ಕೆ ಸಂಗೀತ, ಕುಣಿತದ ಪ್ರಕಾರಗಳ ಹೆಸರಿಟ್ಟಿದ್ದಾರೆ. ಒಂದು ಜಾಜ್, ಒಂದು ಸಾಂಬಾ. ಸೊನ್ನೆ ಸೊನ್ನೆಯಲ್ಲಿ ವರ್ಷಾನುಗಟ್ಟಲೆ ನಿಂತ ಯಂತ್ರದ ಹೆಸರು ಸೋಲ್. ಆ ಸಂಗೀತದ ಹೆಸರಿಗೆ ಇಂಗ್ಲಿಷಿನಲ್ಲಿ ಆತ್ಮ ಎಂಬ ಅರ್ಥವೂ ಇದೆ. ಅಲ್ಲಮನ ನಾಡಿನವರಾದ ನಾವು ಶೂನ್ಯದ ನಡುವೆ ಆತ್ಮ ಎಂದು ಒಂದು ಪ್ರವಚನ ಶುರು ಮಾಡಬಹುದು. ನಾನು ಮಾಡುವುದಿಲ್ಲ. ಅಲ್ಲಮನ ಶೂನ್ಯವೇ ಬೇರೆ, ಕಂಪ್ಯೂಟರಿನ ಆಲಸ್ಯವೇ ಬೇರೆ.

ಪರೀಕ್ಷೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆಗೆ ಕೂತು ಏನೂ ಬರೆಯದವನಿಗೆ ಸೊನ್ನೆ. ಜ್ವರ ಬಂದು ಪರೀಕ್ಷೆಗೇ ಬಾರದವನಿಗೆ ಗೈರುಹಾಜರಿ. ಅಂಕಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು. ಮೊದಲನೆಯವನ ಬಗ್ಗೆ ನಮಗೆ ಒಂದು ಸಂಗತಿ ಗೊತ್ತಾಗಿದೆ, ಎರಡನೆಯವನ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸೊನ್ನೆ ಎಂದು ಬರೆದರೆ ಅದು ಗೊತ್ತಿದ್ದಂತೆ ಕಾಣತೊಡಗುತ್ತದೆ. ಹೀಗೆ ಗೊತ್ತಿದ್ದಂತೆ ಕಂಡದ್ದರಿಂದಲೇ ನಮ್ಮ ಚಿಗವ್ವನ ಮನೆ ಸಮುದ್ರದ ಪಾಲಾಯಿತು.

ಅವ್ವನ ತಂಗಿ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಎರೆಮಣ್ಣಿನ ಸೀಮೆ. ಅಲ್ಲಿ ಹರಿಯುವ ಹಳ್ಳಗಳಿಗೆ ಬಾಯಲ್ಲಿ ನೀರೂರುವ ಹೆಸರುಗಳು: ಬೆಣ್ಣೆಹಳ್ಳ, ತುಪ್ಪರಿಹಳ್ಳ. ಬೇಸಿಗೆಯಲ್ಲಿ ಮೊಳಕಾಲಿನಷ್ಟು ನೀರೂ ಇರುವುದಿಲ್ಲ, ಮಳೆ ಹಿಡಿದರೆ ಹೊಲ ಯಾವುದು ಹಳ್ಳ ಯಾವುದು ತಿಳಿಯುವುದಿಲ್ಲ. 2019ರ ಆಗಸ್ಟ್ ಮೊದಲ ವಾರ ಅಂಥದ್ದೊಂದು ಮಳೆ ಬಂತು. ಚಿಗವ್ವನದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಬಡಗಲ ಗೋಡೆ ರಾತ್ರಿ ಕುಸಿಯಿತು, ಪಡಸಾಲೆಯ ಮೇಲಿನ ಮಾಳಿಗೆ ಮರುದಿನ ಮಧ್ಯಾಹ್ನ ಬಿತ್ತು. ಜನಕ್ಕೆ ಏನೂ ಆಗಲಿಲ್ಲ. ಎಮ್ಮೆಯನ್ನು ಮೊದಲೇ ಗುಡಿಯ ಕಟ್ಟೆಗೆ ಕಟ್ಟಿದ್ದರು.

ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲು ಸಮೀಕ್ಷೆಯವರು ಬಂದರು. ಫೋನಿನಲ್ಲಿ ಫೋಟೋ ತೆಗೆದು ಹೆಸರು, ಆಧಾರ್ ಸಂಖ್ಯೆ ತುಂಬಿಕೊಂಡರು. ಜಾಗ ಎಲ್ಲಿ ಎಂಬುದನ್ನು ಫೋನು ತಾನೇ ಬರೆದುಕೊಳ್ಳಬೇಕು. ಹೊರಗೆ ಮಳೆ ಜಿನುಗುತ್ತಿತ್ತು, ಅವರು ಇನ್ನೂ ನಿಂತಿದ್ದ ಅಡುಗೆಮನೆಯ ಮಾಳಿಗೆಯ ಕೆಳಗೆ ನಿಂತು ತುಂಬಿದರು. ಒಂದು ಮೊಳ ದಪ್ಪದ ಮಣ್ಣಿನ ಮಾಳಿಗೆ. ಅದರ ಕೆಳಗೆ ಉಪಗ್ರಹದ ಸದ್ದು ಕೇಳುವುದಾದರೂ ಹೇಗೆ?

ಮೂರು ತಿಂಗಳಾದರೂ ಚಿಗವ್ವನ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ಆಚೆ ಮನೆಯವರದು ಬಂತು, ಈಚೆ ಮನೆಯವರದು ಬಂತು. ನಾನು ಭೂಗೋಳ ಓದಿದವನು, ನಕಾಶೆಯ ಕೆಲಸವೇ ನನ್ನ ಅನ್ನ. ಹಾಗಾಗಿ ಮನೆಯವರು ನನ್ನನ್ನು ಕಚೇರಿಗೆ ಕಳಿಸಿದರು. ಅಲ್ಲಿಯ ಹುಡುಗ ಒಳ್ಳೆಯವನು, ಕಂಪ್ಯೂಟರನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದ. ಹೆಸರು ಸರಿ. ಆಧಾರ್ ಸರಿ. ಫೋಟೋ ಸರಿ. ಕೊನೆಯಲ್ಲಿ ಸೊನ್ನೆ, ಕಮಾ, ಸೊನ್ನೆ. "ಸ್ಥಳ ತಾಳೆಯಾಗಿಲ್ಲ" ಎಂಬ ಷರಾ.

"ನಿಮ್ಮ ಚಿಗವ್ವಾರ ಮನಿ ತಾಲ್ಲೂಕಿನ ಹೊರಗ ತೋರಸಾಕತ್ತೈತ್ರಿ ಸರ. ಹೊರಗಿದ್ದರ ಸಿಸ್ಟಮ್ ತಗೊಳ್ಳಂಗಿಲ್ಲ" ಅಂದ.

ಎಷ್ಟು ಹೊರಗೆ? ಅಲ್ಲೇ ಲೆಕ್ಕ ಹಾಕಿದೆ, ಸುಮಾರು 8,400 ಕಿಲೋಮೀಟರ್.

ಊರಿಗೆ ಹೋಗಿ ಚಿಗವ್ವನಿಗೆ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ಕೇಳಿದಳು: "ಅಲ್ಲೋ ತಮ್ಮಾ, ಆ ಸಮುದ್ರದಾಗ ಆ ಸೊನ್ನಿ ಇಟ್ಟಾವ್ರರ ಯಾರು?"

ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಭೂಗೋಳದ ಪುಸ್ತಕದಲ್ಲಿ ಎರಡೂ ಸೊನ್ನೆ ರೇಖೆಗಳನ್ನು ಒಂದೇ ದಪ್ಪದಲ್ಲಿ ಮುದ್ರಿಸಿರುತ್ತಾರೆ, ಹಾಗಾಗಿ ಅವೆರಡೂ ಒಂದೇ ಜಾತಿಯವು ಎಂದುಕೊಳ್ಳುತ್ತೇವೆ. ಅಲ್ಲ. ಸೊನ್ನೆ ಅಕ್ಷಾಂಶವನ್ನು ಯಾರೂ ಇಡಲಿಲ್ಲ. ಭೂಮಿ ತಿರುಗುತ್ತದೆ, ತಿರುಗುವ ಚೆಂಡಿಗೆ ಎರಡು ಧ್ರುವಗಳು, ಧ್ರುವಗಳ ನಡುವೆ ಒಂದು ಸೊಂಟ. ಆ ಸೊಂಟವೇ ಸಮಭಾಜಕ ವೃತ್ತ. ಮನುಷ್ಯರೇ ಹುಟ್ಟದಿದ್ದರೂ ಅದು ಅಲ್ಲೇ ಇರುತ್ತಿತ್ತು. ರೇಖಾಂಶಕ್ಕೆ ಅಂಥ ಸೊಂಟವಿಲ್ಲ. ಧ್ರುವದಿಂದ ಧ್ರುವಕ್ಕೆ ಎಳೆದ ಯಾವ ಗೆರೆಯೂ ಇನ್ನೊಂದಕ್ಕಿಂತ ಹೆಚ್ಚಲ್ಲ, ಕಡಿಮೆಯಲ್ಲ. ಎಲ್ಲಿಂದಲಾದರೂ ಎಣಿಕೆ ಶುರುವಾಗಬೇಕು, ಆ ಎಲ್ಲಿಂದ ಎಂಬುದನ್ನು ಯಾರಾದರೂ ಹೇಳಬೇಕು.

ಹೇಳಿದ್ದು 1884ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ. 25 ದೇಶಗಳ ಪ್ರತಿನಿಧಿಗಳು ಕೂತು ಮತ ಹಾಕಿದರು. ಗ್ರೀನಿಚ್ ವೀಕ್ಷಣಾಲಯದಲ್ಲಿ ಜಾರ್ಜ್ ಏರಿ 1851ರಿಂದ ಬಳಸುತ್ತಿದ್ದ ದೂರದರ್ಶಕದ ಮೂಲಕ ಹಾಯುವ ರೇಖೆಯೇ ಸೊನ್ನೆ ಎಂದು 22 ದೇಶಗಳು ಒಪ್ಪಿದವು. ಒಂದು ವಿರೋಧಿಸಿತು. ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಫ್ರಾನ್ಸಿನ ಹಠ ಎಂಥದ್ದೆಂದರೆ, 1911ರಲ್ಲಿ ಕೊನೆಗೂ ಗ್ರೀನಿಚ್ ಸಮಯಕ್ಕೆ ಬಂದಾಗಲೂ ಆ ಹೆಸರು ಎತ್ತಲಿಲ್ಲ. ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡು ಹಿಂದೆ ಎಂದು ಕಾನೂನು ಬರೆದುಕೊಂಡಿತು. ಇಂಡಿಯಾದ ಪರವಾಗಿ ಆ ಸಭೆಯಲ್ಲಿ ಕೂತವರು ಲೆಫ್ಟಿನೆಂಟ್ ಜನರಲ್ ರಿಚರ್ಡ್ ಸ್ಟ್ರಾಚಿ, ಲಂಡನ್ನಿನ ಇಂಡಿಯಾ ಕೌನ್ಸಿಲಿನ ಸದಸ್ಯರು. ಇಂಡಿಯಾದಲ್ಲಿ ಆಗಲೇ ಒಂದು ಸೊನ್ನೆ ಇತ್ತು ಎಂದು ಅವರು ಅಲ್ಲಿ ವಾದಿಸುವ ಪ್ರಶ್ನೆಯೇ ಇರಲಿಲ್ಲ.

ಇತ್ತು. ಒಂದೂವರೆ ಸಾವಿರ ವರ್ಷದ ಹಳೆಯ ಸೊನ್ನೆ. ನಮ್ಮ ಜ್ಯೋತಿಷ ಸಿದ್ಧಾಂತಗಳು ಭೂಮಿಯ ಮಧ್ಯರೇಖೆಯನ್ನು ಉಜ್ಜಯಿನಿಯ ಮೂಲಕ ಎಳೆದವು. ಉತ್ತರದ ತುದಿಯಲ್ಲಿ ಮೇರು. ದಕ್ಷಿಣಕ್ಕೆ ಇಳಿಯುತ್ತ ಇಳಿಯುತ್ತ ಅದು ಸಮಭಾಜಕವನ್ನು ಮುಟ್ಟುವ ಜಾಗಕ್ಕೆ ಲಂಕೆ ಎಂದು ಹೆಸರು. ಇದು ಇವತ್ತಿನ ಶ್ರೀಲಂಕಾ ಅಲ್ಲ. ಶ್ರೀಲಂಕಾ ಸಮಭಾಜಕದಿಂದ ಸಾಕಷ್ಟು ಉತ್ತರಕ್ಕೆ, ಉಜ್ಜಯಿನಿಯ ರೇಖೆಯಿಂದ ಸಾಕಷ್ಟು ಪೂರ್ವಕ್ಕೆ ಇದೆ. ಸಿದ್ಧಾಂತಿಗಳ ಲಂಕೆ ಒಂದು ಲೆಕ್ಕದ ಊರು. ಅಲ್ಲಿ ಅಕ್ಷಾಂಶ ಸೊನ್ನೆ, ದೇಶಾಂತರ ಸೊನ್ನೆ. ಕಾಲವೂ ಅಲ್ಲಿಂದಲೇ ಶುರು: ಕ್ರಿಸ್ತಪೂರ್ವ 3102ರ ಫೆಬ್ರವರಿಯಲ್ಲಿ ಕಲಿಯುಗ ಹುಟ್ಟಿದ್ದು ಲಂಕೆಯ ಗಡಿಯಾರದ ಪ್ರಕಾರ, ನಡುರಾತ್ರಿಗೋ ಸೂರ್ಯೋದಯಕ್ಕೋ ಎಂಬುದರಲ್ಲಿ ಮಾತ್ರ ಪಂಥಭೇದ. ಲಂಕೆಯಿಂದ ಭೂಮಿಯ ಕಾಲುಭಾಗ ಪೂರ್ವಕ್ಕೆ ಹೋದರೆ ಯಮಕೋಟಿ, ಕಾಲುಭಾಗ ಪಶ್ಚಿಮಕ್ಕೆ ರೋಮಕ, ನೇರ ಕಾಲಡಿಯಲ್ಲಿ ಸಿದ್ಧಪುರ. ಭಾಸ್ಕರಾಚಾರ್ಯ 1150ರ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಈ ನಾಲ್ಕು ಊರುಗಳನ್ನು ವರ್ಣಿಸುತ್ತಾನೆ. ಅವನ ಊರು ನಮ್ಮ ವಿಜಯಪುರವೋ, ಸಹ್ಯಾದ್ರಿಯ ಆಚೆಯ ಬೇರೊಂದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮುಗಿಯುವುದೂ ಬೇಡ.

ಈ ಹಳೆಯ ರೇಖೆಯನ್ನು ಒಮ್ಮೆ ಇವತ್ತಿನ ನಕಾಶೆಯ ಮೇಲೆ ಎಳೆದು ನೋಡಿದೆ. ಉಜ್ಜಯಿನಿ ಇರುವುದು 75.77 ಡಿಗ್ರಿಯ ಆಸುಪಾಸು. ಅಲ್ಲಿಂದ ನೆಟ್ಟಗೆ ಕೆಳಗೆ ಬಂದರೆ ಗೆರೆ ವಿಜಯಪುರದ ಪೂರ್ವಕ್ಕೆ ಐದಾರು ಕಿಲೋಮೀಟರಿನಲ್ಲಿ ಹಾಯುತ್ತದೆ. ಬಾದಾಮಿ ಮತ್ತು ಪಟ್ಟದಕಲ್ಲುಗಳ ನಡುವೆ ನುಸುಳುತ್ತದೆ. ಲಕ್ಕುಂಡಿಯನ್ನು ಬಲಗಡೆಗೆ ಬಿಟ್ಟು ಕೆಳಗಿಳಿದು, ಚಿಕ್ಕಮಗಳೂರನ್ನು ಸವರಿಕೊಂಡು, ಕೇರಳದ ಕೋಳಿಕ್ಕೋಡಿನ ಬಳಿ ಕಡಲಿಗೆ ಬೀಳುತ್ತದೆ. ಚಾಲುಕ್ಯರ ಮೂರು ದೊಡ್ಡ ಊರುಗಳು ಗೆರೆಯ ಅಕ್ಕಪಕ್ಕ ಇರುವುದನ್ನು ಕಂಡು ಒಂದು ಕ್ಷಣ ನನಗೂ ರೋಮಾಂಚನವಾಯಿತು. ಆದರೆ ಇದರಿಂದ ಏನಾದರೂ ಗುಟ್ಟು ಹೊರಡಿಸುವವರ ಜೊತೆ ನಾನಿಲ್ಲ. ಮಲಪ್ರಭೆಯ ಕಣಿವೆ ಅಲ್ಲಿದೆ, ಕೆತ್ತಲಿಕ್ಕೆ ಕಲ್ಲು ಅಲ್ಲಿದೆ, ಅವರು ಅಲ್ಲಿ ಕಟ್ಟಿದರು. ಇನ್ನೊಂದು ಮಾತು: ಅದೇ ಮಧ್ಯರೇಖೆಯ ಮೇಲೆ ಇದೆ ಎಂದು ಸೂರ್ಯಸಿದ್ಧಾಂತ ಹೇಳುವ ಕುರುಕ್ಷೇತ್ರ ನಿಜಕ್ಕೂ ಒಂದು ಡಿಗ್ರಿಯಷ್ಟು ಪೂರ್ವಕ್ಕಿದೆ. ಅವರ ತಪ್ಪೇನಲ್ಲ. ಅಕ್ಷಾಂಶ ಅಳೆಯಲು ಒಂದು ಕೋಲಿನ ನೆರಳು ಸಾಕು. ರೇಖಾಂಶ ಅಳೆಯಲು ಎರಡು ಊರಿನ ಗಡಿಯಾರ ಬೇಕು, ಅಥವಾ ಎರಡೂ ಊರಿನಿಂದ ಒಂದೇ ಚಂದ್ರಗ್ರಹಣ ನೋಡಿ ಹೊತ್ತು ತಾಳೆ ನೋಡಬೇಕು. ಘಳಿಗೆ ಬಟ್ಟಲಿನ ಕಾಲದಲ್ಲಿ ನಾಲ್ಕು ನಿಮಿಷ ಹೆಚ್ಚುಕಡಿಮೆಯಾದರೆ ಒಂದು ಡಿಗ್ರಿ ಹೋಯಿತು.

ಸಮಭಾಜಕ ಮುಟ್ಟುವ ಹೊತ್ತಿಗೆ ಈ ಗೆರೆ ಎಲ್ಲಿರುತ್ತದೆ? ಮಾಲ್ಡೀವ್ಸಿನ ದಕ್ಷಿಣದ ದ್ವೀಪಗಳಿಗೆ ಪೂರ್ವದಲ್ಲಿ, ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಅಲ್ಲೂ ನೀರೇ. ನಮ್ಮ ಸೊನ್ನೆಯೂ ಸಮುದ್ರದಲ್ಲೇ ಬಿದ್ದಿದೆ. ಅಲ್ಲಿ ಯಂತ್ರ ತೇಲುವುದಿಲ್ಲ, ಯಾರೂ ಧ್ವಜ ಮಾಡಿಲ್ಲ. ಆದರೆ ಆ ಇಲ್ಲದ ಊರಿನ ಹೆಸರು ತಿರುಗಿದಷ್ಟು ದೇಶ ಗಿನಿ ಕೊಲ್ಲಿಯ ದ್ವೀಪ ಇನ್ನೂ ತಿರುಗಿಲ್ಲ. ಭಾರತದ ಗಣಿತವನ್ನು ಅರಬರು ಕಲಿತಾಗ ಉಜ್ಜಯಿನಿ ಅವರ ಬಾಯಲ್ಲಿ ಉಜೈನ್ ಆಯಿತು, ಬರವಣಿಗೆಯಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿ ಅರಿನ್ ಆಯಿತು. ಅರಬಿ ಲಿಪಿಯಲ್ಲಿ ಜ಼ ಮತ್ತು ರ ಅಕ್ಷರಗಳಿಗೆ ಆ ಒಂದು ಚುಕ್ಕಿಯಷ್ಟೇ ವ್ಯತ್ಯಾಸ. ಆಮೇಲೆ ಆ ಅರಿನ್ ಮಧ್ಯಪ್ರದೇಶದಿಂದ ಜಾರಿ ಸಮಭಾಜಕದ ಮೇಲೆ, ಅಂದರೆ ಲಂಕೆಯ ಜಾಗದಲ್ಲಿ, ಹೋಗಿ ಕೂತಿತು. ಭೂಮಿಯ ಗುಮ್ಮಟ ಎಂದು ಅದಕ್ಕೆ ಬಿರುದು. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್‌ಬಿರೂನಿ ಲಂಕೆಯ ವಿಷಯಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಅರಬಿಯಿಂದ ಲ್ಯಾಟಿನ್ನಿಗೆ ಹೋದ ಅರಿನ್, ಕೊಲಂಬಸ್ ತನ್ನ ಮೂರನೇ ಯಾನದಲ್ಲಿ, 1498ರಲ್ಲಿ, ಸ್ಪೇನಿನ ರಾಜದಂಪತಿಗೆ ಬರೆದ ಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಚುಕ್ಕಿ ಬಿಟ್ಟದ್ದಕ್ಕೆ ಒಂದು ನಗರ ಎರಡೂವರೆ ಸಾವಿರ ಕಿಲೋಮೀಟರ್ ನಡೆದುಹೋದ ಮೇಲೆ, ಒಂದು ಮನೆ ಎಂಟು ಸಾವಿರ ನಡೆದದ್ದರಲ್ಲಿ ಏನು ಆಶ್ಚರ್ಯ?

ಈ ಎರಡೂ ಸೊನ್ನೆಗಳ ಮಟ್ಟಿಗೆ ಧಾರವಾಡ ಒಂದು ಸೊಗಸಾದ ಜಾಗದಲ್ಲಿದೆ. ಗ್ರೀನಿಚ್ಚಿನಿಂದ ಎಣಿಸಿದರೆ 75 ಡಿಗ್ರಿ ಪೂರ್ವದ ರೇಖೆ ನಮ್ಮ ಊರೊಳಗೇ ಹಾಯುತ್ತದೆ. ಹಳೆಯ ಪೇಟೆ ಅದರ ಪೂರ್ವಕ್ಕೆ, ಹಿರಿಯರು ಛೋಟಾ ಮಹಾಬಳೇಶ್ವರ ಎನ್ನುತ್ತಿದ್ದ ವಿಶ್ವವಿದ್ಯಾಲಯದ ಗುಡ್ಡ ಅದರ ಪಶ್ಚಿಮಕ್ಕೆ. ಸರ್ವೆ ಆಫ್ ಇಂಡಿಯಾದ ನಕಾಶೆಯ ಹಾಳೆಗಳು ಡಿಗ್ರಿಗೊಂದರಂತೆ ಕತ್ತರಿಸಿರುವುದರಿಂದ ಧಾರವಾಡ ಎರಡು ಹೋಳಾಗುತ್ತದೆ. ಒಂದು ಹೋಳು 48 ಐ ಹಾಳೆಯಲ್ಲಿ, ಇನ್ನೊಂದು 48 ಎಂ ಹಾಳೆಯಲ್ಲಿ. ಹುಬ್ಬಳ್ಳಿಗೆ ಈ ತಾಪತ್ರಯವಿಲ್ಲ, ಅದು ಇಡಿಯಾಗಿ 48 ಎಂನಲ್ಲಿ ಆರಾಮ ಕೂತಿದೆ. ನಾವು ಓದುವಾಗ ಧಾರವಾಡ ನೋಡಬೇಕೆಂದರೆ ಎರಡು ಹಾಳೆ ಜೋಡಿಸಿ ಹಿಡಿಯಬೇಕಿತ್ತು. ಅಂಚಿನಲ್ಲಿ ರಸ್ತೆಗಳು ಯಾವತ್ತೂ ಸರಿಯಾಗಿ ಕೂಡುತ್ತಿರಲಿಲ್ಲ. ಇತ್ತೀಚೆಗೆ ಫೋನು ಹಿಡಿದು 75.00000 ಎಲ್ಲಿ ಬರುತ್ತದೆ ಎಂದು ಹುಡುಕುತ್ತ ಹೋದೆ. ಒಂದು ಕಂಪೌಂಡ್ ಗೋಡೆ, ಅದರ ಮೇಲೆ ಒಣಹಾಕಿದ ಚಾದರ. ಹಳೆಯ ಹಾಳೆಯ ಗೆರೆ ಅದಲ್ಲ, ಅದು ಸ್ವಲ್ಪ ಆಚೆ. ಹಳೆಯ ಸರ್ವೆಯವರು ಭೂಮಿಯ ಆಕಾರಕ್ಕೆ ಬೇರೆ ಅಳತೆ ಹಿಡಿದಿದ್ದರು. ಹಾಗೆ ನೋಡಿದರೆ ಗ್ರೀನಿಚ್ಚಿನಲ್ಲೇ ಪ್ರವಾಸಿಗರು ಕಾಲು ಅಗಲಿಸಿ ನಿಂತು ಫೋಟೋ ತೆಗೆಸಿಕೊಳ್ಳುವ ಹಿತ್ತಾಳೆ ಗೆರೆಗೂ ಅವರ ಫೋನಿನ ಸೊನ್ನೆಗೂ 102 ಮೀಟರ್ ಅಂತರ. ಸೊನ್ನೆ ತಾನೇ ನಿಂತಲ್ಲಿ ನಿಂತಿಲ್ಲ.

75 ಡಿಗ್ರಿ ಅಂದರೆ, ಡಿಗ್ರಿಗೆ ನಾಲ್ಕು ನಿಮಿಷದಂತೆ, ಕರಾರುವಾಕ್ಕಾಗಿ ಐದು ತಾಸು. ನಮ್ಮ ಸೂರ್ಯ ಗ್ರೀನಿಚ್ಚಿನ ಸೂರ್ಯನಿಗಿಂತ ಐದು ತಾಸು ಮುಂದೆ. ಕೈಗಡಿಯಾರ ತೋರಿಸುವುದು ಐದೂವರೆ ತಾಸು ಮುಂದೆ, ಯಾಕೆಂದರೆ 1906ರ ಜನವರಿ 1ರಿಂದ ದೇಶಕ್ಕೆಲ್ಲ 82.5 ಡಿಗ್ರಿಯ, ಮಿರ್ಜಾಪುರದ ಕಡೆಯ, ಹೊತ್ತು. ಅದಕ್ಕೇ ಧಾರವಾಡದಲ್ಲಿ ನಿಜವಾದ ಮಧ್ಯಾಹ್ನ ಆಗುವುದು ಹನ್ನೆರಡೂವರೆಗೆ. ಹುಬ್ಬಳ್ಳಿಯಲ್ಲಿ ನಮಗಿಂತ ಸುಮಾರು ಅರ್ಧ ನಿಮಿಷ ಮೊದಲೇ ಮಧ್ಯಾಹ್ನವಾಗುತ್ತದೆ. ಹುಬ್ಬಳ್ಳಿಯವರಿಗೆ ಯಾವಾಗಲೂ ಅವಸರ ಎಂದು ನಾವು ಧಾರವಾಡದವರು ಅನ್ನುತ್ತೇವಲ್ಲ, ಅದಕ್ಕೆ ಖಗೋಳದ ಆಧಾರ ಇಷ್ಟಿದೆ.

ಹಿಂದೆ ಗೊಂದಲ ಇನ್ನೂ ಹೆಚ್ಚಿತ್ತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆಗ ಇಂಡಿಯಾದ ರೈಲುಗಳು ಓಡುತ್ತಿದ್ದುದು ಮದ್ರಾಸು ವೀಕ್ಷಣಾಲಯದ ಗಡಿಯಾರಕ್ಕೆ, ಅದು ಗ್ರೀನಿಚ್ಚಿಗಿಂತ 5 ತಾಸು 21 ನಿಮಿಷ ಮುಂದೆ. ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ, ಮುಂಬಯಿಯ ಹೊತ್ತು 4 ತಾಸು 51 ನಿಮಿಷ. ತಲೆಯ ಮೇಲಿನ ಸೂರ್ಯನದು ಸರಿಯಾಗಿ ಐದು. ಮನೆಯ ಪಂಚಾಂಗದವರದು ಉಜ್ಜಯಿನಿಯ ರೇಖೆ. ಅದರಿಂದ ನಾವು ಮುಕ್ಕಾಲು ಡಿಗ್ರಿ ಪಶ್ಚಿಮಕ್ಕೆ, ಏಳೆಂಟು ವಿಘಳಿಗೆಯ ದೇಶಾಂತರ ಸಂಸ್ಕಾರ ಮಾಡಿದರೆ ಆಯಿತು. ರೈಲಿಗೆ ಮದ್ರಾಸು, ದರಬಾರಕ್ಕೆ ಮುಂಬಯಿ, ಮುಹೂರ್ತಕ್ಕೆ ಉಜ್ಜಯಿನಿ. ರೈಲು ತಪ್ಪಿಸಿಕೊಂಡವರು ಯಾವ ಊರನ್ನು ಬೈದಿರಬೇಕು ಎಂದು ನನಗೆ ಕುತೂಹಲ. ಮುಂಬಯಿಯವರಂತೂ 1906ರ ನಂತರವೂ ಒಪ್ಪಲಿಲ್ಲ, ತಮ್ಮ ಊರಿನ ಹೊತ್ತನ್ನು 1955ರವರೆಗೂ ಉಳಿಸಿಕೊಂಡರು. ಸೊನ್ನೆ ಯಾರದು ಎಂಬುದು ಲೆಕ್ಕದ ಮಾತಾಗಿದ್ದರೆ ಇಷ್ಟು ಜಗಳ ಆಗುತ್ತಿರಲಿಲ್ಲ.

ಇಷ್ಟರಲ್ಲಿ ನನ್ನ ಕೈಗೆ ಸಿಕ್ಕುವ ಸೊನ್ನೆ ಒಂದೇ, ಸಮಭಾಜಕದ್ದು. ಅದನ್ನು ಮನೆಯ ಮಾಳಿಗೆಯ ಮೇಲಿಂದಲೇ ಅಳೆಯಬಹುದು. ಒಂದು ವರ್ಷ ಮಾರ್ಚ್ 21ರಂದು, ಹಗಲು ರಾತ್ರಿ ಸಮ ಇರುವ ಹೊತ್ತಿನಲ್ಲಿ, ಓಣಿಯ ನಾಲ್ಕು ಹುಡುಗರನ್ನು ಕರೆದುಕೊಂಡು ಹನ್ನೆರಡು ಇಂಚಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿದೆ. ಹಳೆಯವರು ಹನ್ನೆರಡು ಅಂಗುಲದ ಶಂಕು ನಿಲ್ಲಿಸುತ್ತಿದ್ದರು, ಅದರ ನೆರಳಿಗೆ ಪಲಭಾ ಎಂದು ಹೆಸರು. ನೆರಳು ಕಿರಿದಾಗುತ್ತ ಬಂತು. ಹನ್ನೆರಡೂವರೆಗೆ ನಿಲ್ಲುತ್ತದೆ ಎಂದು ಹುಡುಗರು ಕಾದರು, ನಿಲ್ಲಲಿಲ್ಲ. ಮಾರ್ಚ್ ತಿಂಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ಏಳೆಂಟು ನಿಮಿಷ ಹಿಂದೆ ಬೀಳುತ್ತಾನೆ. 12 ಗಂಟೆ 37 ನಿಮಿಷಕ್ಕೆ ಅತಿ ಗಿಡ್ಡ ನೆರಳು ಬಿತ್ತು. ಮೂರೂಕಾಲು ಇಂಚು, ಮೇಲೆ ಕೂದಲೆಳೆಯಷ್ಟು. ಮೂರೂಕಾಲನ್ನು ಹನ್ನೆರಡರಿಂದ ಭಾಗಿಸಿ ಕೋನ ನೋಡಿದರೆ ಹದಿನೈದು ಡಿಗ್ರಿ ಚಿಲ್ಲರೆ ಬರುತ್ತದೆ, ಧಾರವಾಡದ ಅಕ್ಷಾಂಶ. ದಕ್ಷಿಣಕ್ಕೆ ನಡೆಯುತ್ತ ಹೋದರೆ ನೆರಳು ಇನ್ನೂ ಗಿಡ್ಡವಾಗುತ್ತದೆ, 1,700 ಕಿಲೋಮೀಟರಿನಾಚೆ ಅದು ಪಟ್ಟಿಯ ಬುಡದೊಳಗೆ ಸೇರಿಹೋಗುತ್ತದೆ. ಅದೇ ಸೊನ್ನೆ ಎಂದೆ. ಒಬ್ಬ ಹುಡುಗ ಪಟ್ಟಿಯ ಬುಡವನ್ನೇ ನೋಡುತ್ತ, "ಅಲ್ಲೇನೂ ಇರಂಗಿಲ್ಲಲ್ರಿ ಅಂಕಲ್" ಅಂದ. ನೆರಳು ಇದೆ, ಉದ್ದ ಸೊನ್ನೆ, ಎಂದೆ. ನೋಡಿ ಅಳೆದ ಮೇಲೆ ಬಂದ ಸೊನ್ನೆ. ಅವನಿಗೆ ಈ ವ್ಯತ್ಯಾಸ ಅಷ್ಟು ರುಚಿಸಲಿಲ್ಲ, ಊಟಕ್ಕೆ ಹೊತ್ತಾಗಿತ್ತು.

ಚಿಗವ್ವನ ಮನೆಗೆ ಯಾರೂ ಅಳೆದು ಸೊನ್ನೆ ಕೊಟ್ಟಿರಲಿಲ್ಲ. ಕಚೇರಿಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಯಿತು. ಅದು ಸಂಖ್ಯೆಯಲ್ಲ, ಖಾಲಿ ಜಾಗ, ಕೈಯಿಂದ ತುಂಬಿರಿ; ಸರಿಯಾದ ಅಂಕಿ ನಾನೇ ಕೊಡುತ್ತೇನೆ ಎಂದೆ. ಹುಡುಗನಿಗೆ ಅರ್ಥವಾಯಿತು. ಆದರೆ ಖಾಲಿ ಇದ್ದಿದ್ದರೆ ತುಂಬಲು ಅವನಿಗೆ ಅಧಿಕಾರವಿತ್ತಂತೆ, ತುಂಬಿದ್ದನ್ನು ತಿದ್ದಲು ಇರಲಿಲ್ಲ. ಸೊನ್ನೆ ಇದ್ದುದರಿಂದ ಅದು ತುಂಬಿದ ಜಾಗ. ಸಿಸ್ಟಮ್ಮಿನ ಕಣ್ಣಿಗೆ ಚಿಗವ್ವ ವಿಳಾಸವಿಲ್ಲದವಳಲ್ಲ, ಸಮುದ್ರದಲ್ಲಿ ಮನೆ ಇರುವವಳು. ವಿಳಾಸವಿಲ್ಲದವರಿಗೆ ಒಂದು ಅರ್ಜಿ ನಮೂನೆ ಇತ್ತು, ಸಮುದ್ರದಲ್ಲಿ ಇರುವವರಿಗೆ ಇರಲಿಲ್ಲ.

ಕೊನೆಗೆ ಹಳೆಯ ನಮೂದು ರದ್ದಾಗಿ ಮರುಸಮೀಕ್ಷೆ ಆಗಬೇಕೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಮುಂದಿನ ಬೇಸಿಗೆ ಬಂದಿತ್ತು, ದೇಶವೆಲ್ಲ ಬಾಗಿಲು ಹಾಕಿತ್ತು. ಚಿಗವ್ವ ಬಿದ್ದ ಗೋಡೆಯ ಮಣ್ಣನ್ನೇ ಕಲಸಿ ಅರ್ಧ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿಕೊಂಡಿದ್ದಳು. ಮಳೆಗಾಲಕ್ಕೆ ಕಾಯಲು ಆಗುತ್ತದೆಯೇ? ಎರಡನೆಯ ಸಲ ಬಂದವರ ಫೋನು ಅಂಗಳದಲ್ಲಿ ಒಂದೇ ನಿಮಿಷದಲ್ಲಿ ಜಾಗ ಹಿಡಿಯಿತು: 15 ಚಿಲ್ಲರೆ, 75 ಚಿಲ್ಲರೆ, ದಶಾಂಶದ ಮುಂದೆ ಆರಾರು ಅಂಕಿ. ಈಗ ಜಾಗ ಸರಿಯಾಗಿತ್ತು, ಫೋಟೋದಲ್ಲಿ ಬಿದ್ದ ಮನೆ ಇರಲಿಲ್ಲ. ಮೊದಲ ಸಲ ಬಿದ್ದ ಮನೆ ಇತ್ತು, ಜಾಗ ಇರಲಿಲ್ಲ. ಎರಡನ್ನೂ ಸೇರಿಸಿ ನೋಡಿ ಎಂದು ಮತ್ತೆ ಅರ್ಜಿ ಬರೆದೆ. ಬಹಳ ದಿನದ ಮೇಲೆ ಕೆಳಗಿನ ವರ್ಗದಲ್ಲಿ, ಭಾಗಶಃ ಹಾನಿ ಎಂದು, ಒಂದಿಷ್ಟು ದುಡ್ಡು ಬಂತು. ಗೋಡೆಗೆ ಸಾಕಾಯಿತು, ಮಾಳಿಗೆಗೆ ಆಗಲಿಲ್ಲ. ತಗಡು ಇನ್ನೂ ಹಾಗೇ ಇದೆ, ಬೇಸಿಗೆಯಲ್ಲಿ ಒಳಗೆ ಕೂರಲು ಆಗುವುದಿಲ್ಲ.

ಆ ಅಂಕಿಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಡು ಎಂದು ಚಿಗವ್ವ ಕೇಳಿದ್ದಳು, ಬರೆದುಕೊಟ್ಟೆ. ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ಮೊದಲ ಅಂಕಿ ಸೊನ್ನೆ ಅಲ್ಲ ಎಂಬುದನ್ನು ಗುರುತು ಹಿಡಿಯುತ್ತಾಳೆ. ಈಗ ಬೆಳೆ ಸಮೀಕ್ಷೆಯವರು ಬರಲಿ, ಮೀಟರ್ ಓದುವವರು ಬರಲಿ, ಮತದಾರರ ಪಟ್ಟಿಯವರು ಬರಲಿ, ಕೈಯಲ್ಲಿ ಫೋನು ಕಂಡರೆ ಒಳಗೆ ಬಿಡುವುದಿಲ್ಲ. ಚಹಾ ಆಮೇಲೆ. ಬೇವಿನ ಗಿಡದ ನೆರಳಿನಿಂದಲೂ ಹೊರಗೆ, ಅಂಗಳದ ನಡುವೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾಳೆ.

"ಇಲ್ಲೇ ನಿಂದರ್ರಿ ಸಾಹೇಬ್ರ. ನಮ್ಮ ಮನಿ ಇಲ್ಲಿಂದ ಛಲೋ ಕಾಣತೈತಿ."